ಮೊಣಕಾಲು ತೋರಿಸೋಕೆ ಹುಬ್ಬಳ್ಳಿತನಕ ಯಾಕೆ?

ಕೊರೋನಾ ಹೋದಮೇಲೆ ನಮ್ಮ ಮಂದಿ ಮತ್ತೆ ಬಸ್ ಹತ್ತಿದ್ದಾರೆ. ಎರಡು ನಿಮಿಷದ ತಪಾಸಣೆಗೆ ರೋಣದಿಂದ, ಹಾನಗಲ್ಲಿನಿಂದ ಹುಬ್ಬಳ್ಳಿಗೆ ಬಂದು, ಅರ್ಧ ದಿನ ಬೆಂಚಿನ ಮೇಲೆ ಕೂತು ಹೋಗುತ್ತಾರೆ. ಅದೂ ಕಾಲು ನೋವಿನವರು! ಲಾಕ್‌ಡೌನಿನಲ್ಲಿ ಕಲಿತ, ಮನೆಯಲ್ಲೇ ಕೂತು ಫೋನಿನ ವಿಡಿಯೋದಲ್ಲಿ ಡಾಕ್ಟರಿಗೆ ತೋರಿಸುವ ಒಂದು ಒಳ್ಳೆ ಪದ್ಧತಿಯನ್ನು ಸುಮ್ನೆ ಕೈಬಿಟ್ಟೆವು ಅಂತ ನನಗನಿಸುತ್ತದೆ.

2020ರ ಮಾರ್ಚ್ 25ರಂದು ದೇಶವೆಲ್ಲ ಬಂದ್ ಆಯಿತು. ಅದೇ ದಿನ ಟೆಲಿಮೆಡಿಸಿನ್, ಅಂದರೆ ದೂರದಿಂದಲೇ ಫೋನ್-ವಿಡಿಯೋದಲ್ಲಿ ರೋಗಿಯನ್ನು ನೋಡುವ ನಿಯಮಗಳೂ ಹೊರಬಂದವು. ಮುಂದಿನ ತಿಂಗಳು ಮನೆಯಿಂದಲೇ ಡಾಕ್ಟರನ್ನು ವಿಡಿಯೋದಲ್ಲಿ ಕಾಣುವ ಸರ್ಕಾರದ ಸೇವೆ, ಇ-ಸಂಜೀವನಿ ಒಪಿಡಿ ಶುರುವಾಯಿತು, ಅದೂ ಪುಕ್ಕಟೆ. ಆದರೂ "ಎಲುಬಿನ ಡಾಕ್ಟರು ಮುಟ್ಟದೆ ಏನು ನೋಡ್ತಾರೆ?" ಅಂತ ನಕ್ಕವರೇ ಜಾಸ್ತಿ.

ನಮ್ಮ ದೊಡ್ಡವ್ವನಿಗೆ ಆಗಷ್ಟೇ ಮೊಣಕಾಲು ಬದಲಿಸಿದ್ದರು. ಹೊಲಿಗೆ ಬಿಚ್ಚಿಯಾಗಿತ್ತು, ವ್ಯಾಯಾಮ ಸರಿಯಾಗಿ ನಡೆದಿದೆಯೋ ಇಲ್ಲವೋ ನೋಡಬೇಕಿತ್ತು. ವಿಡಿಯೋದಲ್ಲಿ ಡಾಕ್ಟರಿಗೆ ಮೊದಲು ಕಂಡದ್ದು ಫ್ಯಾನು, ಆಮೇಲೆ ಸೊಸೆಯ ಹೆಬ್ಬೆರಳು. "ಫೋನ್ ಬದಿಗೆ ಹಿಡೀರಿ ತಂಗಿ, ಎದುರಿಂದ ಹಿಡಿದ್ರ ಎಷ್ಟು ಮಡಚ್ಯಾರ ಗೊತ್ತಾಗೂದಿಲ್ಲ. ಅವ್ವಾರ, ಇನ್ನೊಂಚೂರು ಮಡಚ್ರಿ." "ಬ್ಯಾನಿ ಆಗ್ತೈತ್ರೀ ಸಾಹೇಬ್ರ!" ಅಂತ ಈಕೆ. ಆದರೂ ಮಡಚಿದಳು. ಪಡಸಾಲೆಯಲ್ಲಿ ನಡೆಸಿ ನೋಡಿದಾಗ ಮೊಣಕಾಲು ಪೂರ್ತಿ ನೆಟ್ಟಗಾಗದೇ ಇರುವುದು ಡಾಕ್ಟರಿಗೆ ಅಲ್ಲಿಂದಲೇ ಕಂಡಿತು. ಹಿಮ್ಮಡಿ ಕೆಳಗೆ ಟವೆಲ್ ಸುರುಳಿ ಇಟ್ಟು, ಮೊಣಕಾಲನ್ನು ಕೆಳಗೆ ಒತ್ತಿ ಹಿಡಿಯಲು ಹೇಳಿಕೊಟ್ಟರು.

ಕೆಂಪಾಗಿದೆಯೋ, ಕೀವು ಸೋರುತ್ತಿದೆಯೋ ಅನ್ನೋದು ಕ್ಯಾಮೆರಾಕ್ಕೆ ಕಾಣುತ್ತದೆ. ಬಿಸಿ ಕಾಣುವುದಿಲ್ಲ. ಅದಕ್ಕೆ ಸೊಸೆಯ ಹಿಂಗೈಯನ್ನು ಒಂದಾದ ಮೇಲೊಂದು ಎರಡೂ ಮೊಣಕಾಲಿಗೆ ಇಡಿಸಿ, ಯಾವುದು ಜಾಸ್ತಿ ಬೆಚ್ಚಗಿದೆ ಅಂತ ಕೇಳಿದರು. ಆವತ್ತು ಅರ್ಧ ತಪಾಸಣೆ ಮಾಡಿದ್ದು ಆ ಕೈ.

ಎಲ್ಲದಕ್ಕೂ ಫೋನ್ ಸಾಕು ಅಂತ ನಾನು ಹೇಳುತ್ತಿಲ್ಲ. ವಯಸ್ಸಾದವರು ಜಾರಿ ಬಿದ್ದು ಏಳಲಾಗದಿದ್ದರೆ, ಕಾಲು ಗಿಡ್ಡಾಗಿ ಹೊರಗೆ ತಿರುಗಿದ್ದರೆ ನೇರ ಆಸ್ಪತ್ರೆಗೆ ಹೋಗಬೇಕು. ಪ್ಲಾಸ್ಟರ್ ಹಾಕಿದ ಕೈಯ ಬೆರಳು ನೀಲಿಯಾದರೆ, ಜೋಮು ಹಿಡಿದರೆ, ಬೆರಳು ಚಾಚಿದಾಗ ತಡೆಯಲಾರದ ನೋವಾದರೆ ಬೆಳಗಾಗಲಿ ಅಂತ ಕಾಯಬಾರದು. ಒಳಗೆ ಒತ್ತಡ ಏರಿದರೆ ಕೆಲವೇ ಗಂಟೆಗಳಲ್ಲಿ ಮಾಂಸಖಂಡ ಸಾಯುತ್ತದೆ. ಬೆನ್ನು ನೋವಿನ ಜೊತೆ ಮೂತ್ರ ಕಟ್ಟಿಕೊಂಡರೂ ಅಷ್ಟೇ ಅವಸರ. ಇಂಥದ್ದನ್ನು ವಾಟ್ಸಾಪ್‌ನಲ್ಲಿ ಫೋಟೋ ಕಳಿಸಿ ಕೇಳುತ್ತಾ ಕೂರುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಆದರೆ ಆಪರೇಷನ್ ಆದವರ ಮುಂದಿನ ತಪಾಸಣೆ, ಹಳೇ ಮೊಣಕಾಲು ಸವೆತ, ಭುಜ ಬಿಗಿತದ ವ್ಯಾಯಾಮ, ಇವಕ್ಕೆಲ್ಲ ಪ್ರತಿ ಸಲ ಊರು ಬಿಡಬೇಕಾ? ಎಲ್ಲರ ಮನೆಯಲ್ಲೂ ಅಂಥ ಸೊಸೆ ಇರುವುದಿಲ್ಲ, ನಿಜ. ಊರಿನ ಆರೋಗ್ಯ ಕೇಂದ್ರದ ಸಿಬ್ಬಂದಿಗೆ ಇಷ್ಟು ಕಲಿಸಬಹುದಲ್ವಾ? ಫೋನ್ ಎಲ್ಲಿಂದ ಹಿಡಿಯಬೇಕು, ಎಲ್ಲಿ ಮುಟ್ಟಿ ನೋಡಬೇಕು, ಎಕ್ಸರೇ ಫಿಲ್ಮನ್ನು ಕಿಟಕಿ ಬೆಳಕಿಗೆ ಹಿಡಿದು ಹೇಗೆ ಫೋಟೋ ತೆಗೆಯಬೇಕು. ಹೊಸ ಆ್ಯಪ್ ಬೇಕಿಲ್ಲ, ಈ ಕಡೆ ಕೆಲಸ ಗೊತ್ತಿರುವ ಒಂದು ಜೋಡಿ ಕೈ ಬೇಕು.

ಹುಬ್ಬಳ್ಳಿ-ಧಾರವಾಡದ ಡಾಕ್ಟರುಗಳೂ ಹಳೇ ಪೇಶಂಟ್‌ಗಳಿಗೆ ಅಂತ ವಾರದಲ್ಲಿ ಒಂದು ಮಧ್ಯಾಹ್ನ ತೆಗೆದಿಡಲಿ. ಫೀಸ್ ತಗೊಳ್ಳಲಿ, ಯಾರು ಬೇಡ ಅಂತಾರೆ? ಬಸ್ಸಿನ ಮೆಟ್ಟಿಲು ಹತ್ತಲಾಗದೆ ಬಾಡಿಗೆ ಗಾಡಿ ಮಾಡಿಕೊಂಡು ಬರುವವರಿಗೆ ಅದು ಉಳಿತಾಯವೇ.