ಒಂದಕ್ಕೆ ನಾಲ್ಕು

ಸಕ್ಕರೆ ಕಂಡರೆ ಕನ್ನಡದ ಅಡುಗೆಮನೆಯ ಕೈ ಸುಮ್ಮನಿರುವುದಿಲ್ಲ. ಒಂದೆಳೆ ಪಾಕವೋ ಎರಡೆಳೆ ಪಾಕವೋ ಎಂದು ಬೆರಳುಗಳ ನಡುವೆ ಎಳೆದು ನೋಡುತ್ತದೆ, ಏಲಕ್ಕಿ ಕುಟ್ಟುತ್ತದೆ, ಕೇಸರಿಯ ಡಬ್ಬಿಗಾಗಿ ತಡಕಾಡುತ್ತದೆ. ಅಂಥ ಕೈಯೊಡನೆ ಕ್ಯಾಲಿಫೋರ್ನಿಯಾದ ಬೇ ಏರಿಯಾಕ್ಕೆ ಬಂದು ನೆಲೆಸಿ, ಹಿತ್ತಿಲಲ್ಲಿ ಹಮ್ಮಿಂಗ್‌ಬರ್ಡ್ ಎಂಬ ಮಕರಂದ ಕುಡಿಯುವ ಪುಟ್ಟ ಹಕ್ಕಿಗೆಂದು ಫೀಡರ್, ಎಂದರೆ ಸಕ್ಕರೆ ನೀರಿನ ಸೀಸೆ, ತೂಗುಹಾಕಿದವರು ಮೊದಲು ಆ ಕೈಯನ್ನು ಕಟ್ಟಿಹಾಕಬೇಕಾಗುತ್ತದೆ. ಏಕೆಂದರೆ ಈ ಹಕ್ಕಿಗೆ ಬೇಕಾದದ್ದು ಒಂದು ಲೋಟ ಬಿಳಿಯ ಸಕ್ಕರೆಗೆ ನಾಲ್ಕು ಲೋಟ ನೀರು, ಅಷ್ಟೇ. ಅದು ಪಾಕವೂ ಅಲ್ಲ, ಪಾನಕವೂ ಅಲ್ಲ.

ಈ ಅಳತೆ ಯಾರದೋ ಜಿಪುಣತನದಿಂದ ಹುಟ್ಟಿದ್ದಲ್ಲ. ಹಮ್ಮಿಂಗ್‌ಬರ್ಡ್‌ಗಳು ಅರಸಿ ಹೋಗುವ ಹೂಗಳ ಮಕರಂದದಲ್ಲಿ ಸಕ್ಕರೆಯ ಅಂಶ ನೂರಕ್ಕೆ ಸುಮಾರು 20ರಿಂದ 25ರಷ್ಟಿರುತ್ತದೆ. ಅದರಲ್ಲಿ ಹೆಚ್ಚಿನದು ಸುಕ್ರೋಸ್, ಎಂದರೆ ನಮ್ಮ ಡಬ್ಬಿಯ ಸಕ್ಕರೆಯೇ. ಒಂದಕ್ಕೆ ನಾಲ್ಕರ ಲೆಕ್ಕ ಹೂವಿನ ಲೆಕ್ಕಕ್ಕೆ ಹತ್ತಿರ ಬರುತ್ತದೆ. ಆದರೂ ಮೈಸೂರಿನಿಂದ ಬಂದಿದ್ದ ನನ್ನ ತಾಯಿಗೆ ಇದು ಒಪ್ಪಿಗೆಯಾಗಲಿಲ್ಲ. “ಇಷ್ಟು ನೀರು ನೀರಾಗಿ ಕೊಟ್ಟರೆ ಅದು ಏನಂದುಕೊಳ್ಳುತ್ತದೋ? ಒಂದು ತುಂಡು ಬೆಲ್ಲವನ್ನಾದರೂ ಹಾಕಬಾರದೇನೋ?” ಎಂದು ಕೇಳಿದರು. ಮನೆಗೆ ಬಂದವರಿಗೆ ಬೆಲ್ಲ ನೀರು ಕೊಟ್ಟು ಕೂರಿಸುವ ಮನೆತನದಲ್ಲಿ ಬೆಳೆದವರಿಗೆ ಈ ಪ್ರಶ್ನೆ ಸಹಜವೇ. “ಇದಕ್ಕೆ ಬೆಲ್ಲ ಆಗುವುದಿಲ್ಲಮ್ಮ” ಎಂದರೆ, ಬೆಲ್ಲದ ಮೇಲೆ ಇಲ್ಲದ ಅಪವಾದ ಹೊರಿಸಿದವನನ್ನು ನೋಡುವಂತೆ ನೋಡಿದರು.

ವಿಚಿತ್ರವೆಂದರೆ, ನಾವು ಬೆಲ್ಲವನ್ನು ಯಾವ ಗುಣಕ್ಕಾಗಿ ಹೊಗಳುತ್ತೇವೋ ಅದೇ ಗುಣ ಇಲ್ಲಿ ದೋಷವಾಗುತ್ತದೆ. ಬೆಲ್ಲದಲ್ಲಿ ಕಬ್ಬಿಣದ ಅಂಶವಿದೆ. ಕಂದು ಸಕ್ಕರೆಯಲ್ಲಿಯೂ, ಆರ್ಗ್ಯಾನಿಕ್ ಎಂದು ಹೆಚ್ಚಿನ ಬೆಲೆಗೆ ಮಾರುವ ಸಕ್ಕರೆಯಲ್ಲಿಯೂ ಸ್ವಲ್ಪ ಉಳಿದಿರುತ್ತದೆ. ಮಕರಂದದಲ್ಲಿ ಕಬ್ಬಿಣ ತೀರ ಕಡಿಮೆಯಾದ್ದರಿಂದ, ಅದನ್ನೇ ದಿನವಿಡೀ ಕುಡಿಯುವ ಹಕ್ಕಿಗೆ ಹೆಚ್ಚಿನ ಕಬ್ಬಿಣ ಅಪಾಯಕಾರಿ. ಜೇನುತುಪ್ಪದ್ದು ಬೇರೆಯೇ ಕಥೆ: ಗಟ್ಟಿಯಾಗಿರುವಾಗ ಕೆಡದೆ ಉಳಿಯುವ ಜೇನು, ನೀರು ಬೆರೆತೊಡನೆ ಹುಳಿಯಲಾರಂಭಿಸಿ ಶಿಲೀಂಧ್ರಗಳಿಗೆ ಮನೆಯಾಗುತ್ತದೆ. ಸಕ್ಕರೆ ಕಾಯಿಲೆಯವರ ಸಿಹಿಗುಳಿಗೆಯಲ್ಲಿ ಶಕ್ತಿಯೇ ಇಲ್ಲ. ಹೀಗೆ ಮನುಷ್ಯರ ಆರೋಗ್ಯದ ಅಂಗಡಿಯಲ್ಲಿ ಮೇಲಿನ ಅಟ್ಟದಲ್ಲಿರುವ ಎಲ್ಲವೂ ತಿರಸ್ಕೃತವಾಗಿ, ವೈದ್ಯರು ಬೈಯುವ ಅಪ್ಪಟ ಬಿಳಿಯ ಸಕ್ಕರೆಯೊಂದೇ ಉಳಿಯುತ್ತದೆ. ಕೇಸರಿಬಾತಿಗೆ ಹಾಕುವಂತೆ ಕೆಂಪು ಬಣ್ಣವನ್ನೂ ಹಾಕಬೇಕಿಲ್ಲ. ಹೂವು ಕೆಂಪಗಿರಬಹುದು, ಆದರೆ ಅದರೊಳಗಿನ ಮಕರಂದಕ್ಕೆ ಬಣ್ಣವಿಲ್ಲ. ಹಕ್ಕಿಯ ಕಣ್ಣಿಗೆ ಫೀಡರಿನ ಕೆಂಪು ಮುಚ್ಚಳವೇ ಸಾಕು.

ಇಲ್ಲಿ ವರ್ಷವಿಡೀ ಕಾಣುವುದು ಆ್ಯನಾಸ್ ಹಮ್ಮಿಂಗ್‌ಬರ್ಡ್. ತೂಕ ಸುಮಾರು 4 ಗ್ರಾಂ, ಎಂದರೆ ಕಾಫಿಗೆ ಹಾಕಿಕೊಳ್ಳುವ ಒಂದು ಸಣ್ಣ ಚಮಚ ಸಕ್ಕರೆಯಷ್ಟು. ಗಂಡಿನ ತಲೆ ಮತ್ತು ಕೊರಳು ಒಂದು ಕೋನದಲ್ಲಿ ಕಪ್ಪಾಗಿ ಕಂಡು, ಕತ್ತು ತಿರುಗಿಸಿದ ಕ್ಷಣದಲ್ಲಿ ಗುಲಾಬಿ ಬಣ್ಣಕ್ಕೆ ಉರಿದೇಳುತ್ತವೆ. ನಮ್ಮೂರಿನ ಸೂರಕ್ಕಿಯೂ ಮಕರಂದ ಕುಡಿಯುತ್ತದೆಯಾದರೂ ಎರಡಕ್ಕೂ ಹತ್ತಿರದ ನೆಂಟಸ್ತಿಕೆಯಿಲ್ಲ. ಹಮ್ಮಿಂಗ್‌ಬರ್ಡ್‌ಗಳು ಅಮೆರಿಕ ಖಂಡಗಳನ್ನು ಬಿಟ್ಟು ಬೇರೆಲ್ಲಿಯೂ ಇಲ್ಲ. ಇದು ಗಾಳಿಯಲ್ಲಿ ನಿಂತಲ್ಲೇ ನಿಂತು, ಕೊಕ್ಕನ್ನು ರಂಧ್ರದೊಳಕ್ಕೆ ತೂರಿಸಿ, ಸೆಕೆಂಡಿಗೆ ಹತ್ತಕ್ಕಿಂತ ಹೆಚ್ಚು ಬಾರಿ ನಾಲಿಗೆಯಾಡಿಸುತ್ತದೆ. ಹೊರಗಿನಿಂದ ನೋಡುವವರಿಗೆ ಕಾಣುವುದು ಸೀಸೆಯೊಳಗೆ ಗುಳುಕ್ಕೆಂದು ಮೇಲೇರುವ ಒಂದು ಗುಳ್ಳೆ ಮಾತ್ರ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾ ಮತ್ತು ಅದರ ಕೆಳಗಿನ ಬಾಹಾ ಪ್ರದೇಶದಲ್ಲಷ್ಟೇ ಗೂಡು ಕಟ್ಟುತ್ತಿದ್ದ ಈ ಜಾತಿ ಈಗ ಕೆನಡಾದ ಬ್ರಿಟಿಷ್ ಕೊಲಂಬಿಯಾದವರೆಗೂ ಹರಡಿದೆ. ಮನೆಗಳ ಮುಂದೆ ನೆಟ್ಟ ಪರದೇಶದ ಹೂಗಿಡಗಳ ಜೊತೆಗೆ ಹಿತ್ತಿಲ ಫೀಡರುಗಳೂ ಅದಕ್ಕೆ ದಾರಿ ಮಾಡಿಕೊಟ್ಟವು. ಒಂದು ಫೀಡರಿಗೆ ಒಬ್ಬನೇ ಜಮೀನ್ದಾರ ಎಂಬಂತೆ ಗಂಡು ಉಳಿದವರನ್ನೆಲ್ಲ ಅಟ್ಟಾಡಿಸುವುದರಿಂದ, ಎರಡನೆಯದನ್ನು ಅವನ ಕಣ್ಣಿಗೆ ಬೀಳದ ಮೂಲೆಯಲ್ಲಿ ಕಟ್ಟುವುದು ಲೇಸು.

ಮಾಡುವ ಕೆಲಸ ಕಾಫಿ ಇಳಿಯುವಷ್ಟರಲ್ಲಿ ಮುಗಿಯುತ್ತದೆ. ನೀರು ಕುದಿಸಿ, ಸಕ್ಕರೆ ಕರಗಿಸಿ, ಪೂರ್ತಿ ತಣ್ಣಗಾದ ಮೇಲೆ ತುಂಬುವುದು. ಮಿಕ್ಕದ್ದನ್ನು ಫ್ರಿಜ್ಜಿನಲ್ಲಿಟ್ಟು ಒಂದು ವಾರದೊಳಗೆ ಬಳಸುವುದು. ನಿಜವಾದ ಕೆಲಸವಿರುವುದು ತೊಳೆಯುವುದರಲ್ಲಿ, ಮತ್ತು ಉತ್ಸಾಹದಿಂದ ಫೀಡರ್ ಕೊಳ್ಳುವವರಲ್ಲಿ ಅನೇಕರು ಸೋಲುವುದೂ ಅಲ್ಲಿಯೇ. ಬಿಸಿಲಿನ ದಿನಗಳಲ್ಲಿ ಈ ಸಕ್ಕರೆ ನೀರು ಒಂದೆರಡು ದಿನದಲ್ಲಿ ಕೆಡುತ್ತದೆ, ತಂಪಿನಲ್ಲಿ ನಾಲ್ಕೈದು ದಿನ ತಡೆಯುತ್ತದೆ. ಮಬ್ಬಾಗಿ ಕಂಡರೆ ಲೆಕ್ಕ ನೋಡದೆ ಚೆಲ್ಲಬೇಕು. ಸೀಸೆ ಫಳಫಳ ಹೊಳೆಯುತ್ತಿದ್ದರೂ ಕೆಳಗಿನ ಪ್ಲಾಸ್ಟಿಕ್ ಹೂವನ್ನು ಬಿಚ್ಚಿ ಬೆಳಕಿಗೆ ಹಿಡಿದರೆ, ಕೊಕ್ಕು ಹೋಗುವ ರಂಧ್ರದ ಒಳಅಂಚಿನಲ್ಲಿ ಸಾಸಿವೆಗಿಂತ ಸಣ್ಣ ಕಪ್ಪು ಚುಕ್ಕೆಗಳು ಕಾಣಬಹುದು. ಅದು ಬೂಷ್ಟು. ವಿನಿಗರ್ ಬೆರೆಸಿದ ಬಿಸಿನೀರಿನಲ್ಲಿ ನೆನೆಹಾಕಿ, ಬೆರಳು ತೂರದ ಜಾಗಕ್ಕೆ ಪುಟ್ಟ ಬ್ರಷ್ ತೂರಿಸಿ ಉಜ್ಜಿ, ವಾಸನೆ ಹೋಗುವವರೆಗೆ ಬರಿಯ ನೀರಿನಲ್ಲಿ ಜಾಲಿಸಬೇಕು. ಇರುವೆಗಳ ಕಾಟಕ್ಕೆ ಔಷಧಿ ಸಿಂಪಡಿಸುವುದಾಗಲಿ ಎಣ್ಣೆ ಸವರುವುದಾಗಲಿ ಸಲ್ಲದು. ಫೀಡರಿನ ಮೇಲ್ಗಡೆ ನೀರು ತುಂಬಿದ ಚಿಕ್ಕ ಬಟ್ಟಲೊಂದು ತೂಗುತ್ತಿದ್ದರಾಯಿತು. ಬೆಲ್ಲದ ಪಾತ್ರೆಯನ್ನು ನೀರಿನ ತಟ್ಟೆಯ ನಡುವೆ ಇಟ್ಟ ಮನೆಗಳಿಂದ ಬಂದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ, ನನ್ನ ತಾಯಿಯೇ ಅದನ್ನು ಕಟ್ಟಿಕೊಟ್ಟರು.

ಊರಿಗೆ ಹೊರಟಾಗ ಫೀಡರ್ ಬರಿದಾದರೆ ಹಕ್ಕಿ ಉಪವಾಸ ಬೀಳುತ್ತದೆಂದು ಕೊರಗುವವರೂ ಉಂಟು. ಅದು ಅಷ್ಟು ನಮ್ಮನ್ನು ನಂಬಿಕೊಂಡಿಲ್ಲ. ಹೂಗಳನ್ನು ಸುತ್ತುತ್ತದೆ, ಪ್ರೋಟೀನಿಗಾಗಿ ನುಸಿಗಳನ್ನೂ ಪುಟ್ಟ ಜೇಡಗಳನ್ನೂ ಹಿಡಿದು ತಿನ್ನುತ್ತದೆ. ಹಳಸಿದ ನೀರು ತುಂಬಿದ ಫೀಡರನ್ನು ತೂಗಿಬಿಟ್ಟು ಹೋಗುವುದಕ್ಕಿಂತ ಬಿಚ್ಚಿ ತೊಳೆದು ಒಳಗಿಟ್ಟು ಹೋಗುವುದು ಅದಕ್ಕೆ ಹಿತ. ತೊಳೆಯುವುದೇ ಬೇಸರವೆನ್ನುವವರು ಬೇಲಿಯ ಪಕ್ಕದಲ್ಲಿ ಮಕರಂದದ ಹೂ ಬಿಡುವ ಸಾಲ್ವಿಯಾ ಗಿಡ ನೆಡಬಹುದು. ಅದಕ್ಕೆ ಅಳತೆಯೂ ಬೇಡ, ಬ್ರಷ್ಷೂ ಬೇಡ.