ಒನಕೆ ಏಟಿಗೆ ಸದ್ದು ಬರೆಯಬಾರದು

ಹೋದ ವಾರ ನಮ್ಮ ಫ್ಲೆಕ್ಸ್ ಅಂಗಡಿಗೆ ದೃಶ್ಯಕಲಾ ಕಾಲೇಜಿನ ಹುಡುಗನೊಬ್ಬ ಬಂದಿದ್ದ. ಬ್ಯಾನರ್ ಪ್ರಿಂಟ್ ಆಗೋವರೆಗೂ ನನ್ನ ಟೇಬಲ್ ಮೇಲಿದ್ದ ಕಾಮಿಕ್ಸ್ ಹಾಳೆಗಳನ್ನೇ ತಿರುವಿ ಹಾಕಿದ. ಹೊರಡುವಾಗ ಕೇಳಿದ, “ಅಣ್ಣ, ಇದ್ರಲ್ಲೇ ಜೀವನ ಮಾಡ್ಬಹುದಾ?”

ಹೂಂ ಅನ್ನೋಕೆ ಬಾಯಿ ಬರಲಿಲ್ಲ. ಹಗಲು ಹುಟ್ಟುಹಬ್ಬ, ಶ್ರದ್ಧಾಂಜಲಿ ಫ್ಲೆಕ್ಸ್ ಮಾಡಿ ರಾತ್ರಿ ಕಾಮಿಕ್ಸ್ ಬರೆಯೋನು ನಾನು. ಪುಟಕ್ಕೆ ಮೂರು ರಾತ್ರಿ. ಅಮರ ಚಿತ್ರ ಕಥೆ ಥರ 32 ಪುಟ ಅಂದ್ರೆ 96 ರಾತ್ರಿ, ಕರೆಂಟ್ ಹೋಗದಿದ್ರೆ. ಅಮೆರಿಕದ ದೊಡ್ಡ ಕಂಪನಿಗಳಲ್ಲಿ ಕಥೆ, ಪೆನ್ಸಿಲ್, ಇಂಕು, ಬಣ್ಣ, ಅಕ್ಷರ ಇಷ್ಟಕ್ಕೂ ಬೇರೆ ಬೇರೆ ಜನ ಇರ್ತಾರೆ. ಇಲ್ಲಿ ಐದೂ ಜನ ನಾನೇ, ಟೀ ತರೋನೂ ನಾನೇ. ಒಂದು ಪತ್ರಿಕೆಯವರು ಎಂಟು ಪುಟ ಬರೆಸಿಕೊಂಡು “ನಿಮ್ಗೂ ಪ್ರಚಾರ ಸಿಗ್ತಲ್ಲ ಸಾರ್” ಅಂದ್ರು.

ಇರಲಿ. ದುಡ್ಡಿನ ಗೋಳು ಎಲ್ಲ ಕಡೆ ಇದ್ದದ್ದೇ. ನನ್ನ ತಕರಾರು ಬೇರೆ. ನಮ್ಮ ಹುಡುಗರ ಕೈ ಚೆನ್ನಾಗಿದೆ, ಕಿವಿಯೇ ಕನ್ನಡದ್ದಲ್ಲ. ಬಾಗಿಲು ಮುರಿದರೆ ‘ಕ್ರ್ಯಾಶ್’, ಗುದ್ದಿದರೆ ‘ಬ್ಯಾಮ್’. ಹೈಸ್ಕೂಲಲ್ಲಿ ಅನುಕರಣಾವ್ಯಯ ಅಂತ ಬಾಯಿಪಾಠ ಮಾಡಿದ್ದೆಲ್ಲ ಎಲ್ಲಿ ಹೋಯ್ತು? ನಮ್ಮೂರ ಬೆಣ್ಣೆ ದೋಸೆ ಕಾವಲಿ ಮೇಲೆ ‘ಚುಂಯ್’ ಅನ್ನುತ್ತೆ, ‘ಸಿಝಲ್’ ಅನ್ನಲ್ಲ.

ಪಾತ್ರಗಳ ಮಾತು ಬರೆಯೋ ಬಲೂನ್‌ದೂ ಅದೇ ಕಥೆ. ಇಂಗ್ಲಿಷ್ ಕಾಮಿಕ್ಸ್‌ನ ದೊಡ್ಡಕ್ಷರಗಳು ಇಟ್ಟಿಗೆ ಜೋಡಿಸಿದ ಹಾಗೆ ಕೂರುತ್ತವೆ. ನೀವು ‘ಸ್ತ್ರೀ’ ಅಂತ ಬರೆದು ನೋಡಿ. ಮೇಲೆ ಗುಡಿಸು, ಕೆಳಗೆ ಎರಡು ಒತ್ತು, ಕೆಳಗಿನ ಸಾಲಿನ ತಲೆ ಮೇಲೆ ಕಾಲು. ಅದಕ್ಕೇ ನಾನು ಮೊದಲು ಮಾತು ಬರೆದು, ಸುತ್ತ ಬಲೂನ್ ಎಳೆದು, ಉಳಿದ ಜಾಗದಲ್ಲಿ ಮನುಷ್ಯರನ್ನ ಕೂರಿಸೋದು.

ಕಿವಿ ವಿಷಯದಲ್ಲಿ ನಂಗೂ ಒಮ್ಮೆ ಸರಿಯಾಗೇ ಬಿತ್ತು. ಚಿತ್ರದುರ್ಗಕ್ಕೆ ಹೋಗಿ ಕೋಟೆ ನೋಡಿ ಬಂದು ಓಬವ್ವನ ಪುಟ ಬರೆಯುತ್ತಿದ್ದೆ. ಕಿಂಡಿಯಷ್ಟೇ ಕಿರಿದಾದ ಉದ್ದನೆಯ ಚೌಕ, ಬಗ್ಗಿ ನುಸುಳುತ್ತಿರುವ ಹೈದರನ ಸೈನಿಕ, ಮೇಲೆ ಒನಕೆ, ಪಕ್ಕದಲ್ಲಿ ಕೆಂಪಿನಲ್ಲಿ ಇಷ್ಟು ದಪ್ಪ ‘ಧಡಾರ್!’ ಅವರೆಕಾಯಿ ಸುಲೀತಿದ್ದ ಅವ್ವ ಇಣುಕಿ ನೋಡಿ, “ಅಷ್ಟು ಸದ್ದಾದ್ರೆ ಹಿಂದಿರೋರಿಗೆ ಕೇಳಲ್ವೇನೋ? ಇನ್ನೊಬ್ಬ ತಲೆ ಹಾಕ್ತಾನಾ?” ಅಂದ್ಲು.

ನಿಜ ತಾನೇ! ಸತ್ತವನನ್ನ ಪಕ್ಕಕ್ಕೆಳೆದು ಮುಂದಿನವನಿಗೆ ಕಾದವಳು ಅವಳು. ಸದ್ದಾಗಿದ್ರೆ ಕಥೆಯೇ ಇಲ್ಲ. ‘ಧಡಾರ್’ ಮೇಲೆ ಬಿಳಿ ಬಣ್ಣ ಬಳಿದೆ. ಈಗ ಮೊದಲ ಚೌಕದಲ್ಲಿ ಎತ್ತಿ ಹಿಡಿದ ಒನಕೆ. ಎರಡನೆಯದರಲ್ಲಿ ತಣ್ಣೀರು ದೋಣಿ ಅನ್ನೋ ಹೊಂಡಕ್ಕೆ ನೀರಿಗೆ ಬಂದವಳು ಕೆಳಗಿಟ್ಟ ಕೊಡ, ಅದರಿಂದ ಜಾರುವ ಒಂದು ಹನಿ, ಸಣ್ಣಗೆ ‘ತೊಟ್’. ಮೂರನೆಯದರಲ್ಲಿ ಕಿಂಡಿಯಿಂದ ಇನ್ನೊಂದು ಪೇಟ. ನಾನು ಬರೆದದ್ದರಲ್ಲಿ ಒಳ್ಳೆ ಪುಟ ಅಂದ್ರೆ ಇದೊಂದೇ, ಅದೂ ಅವ್ವಂದು.

ಹುಡುಗನಿಗೆ ಹೇಳಿದ್ದಿಷ್ಟು: ಸಿನಿಮಾ, ಜಾಹೀರಾತಿನವರು ಶೂಟಿಂಗ್‌ಗೆ ಮೊದಲು ದೃಶ್ಯಗಳನ್ನ ಚಿತ್ರದಲ್ಲಿ ಬರೆಸ್ಕೊಳ್ಳೋ ಸ್ಟೋರಿಬೋರ್ಡ್ ಕಲಿ, ಮನೆ ಬಾಡಿಗೆ ಅದರಲ್ಲಿ ನೋಡ್ಕೋ. ಕಾಮಿಕ್ಸ್ ರಾತ್ರಿಗಿರಲಿ. ಮೊದಲು ಮಂಡಕ್ಕಿ ಭಟ್ಟಿಗೆ ಹೋಗಿ ಅಲ್ಲಿನ ಸದ್ದು ಬರ್ಕೊಂಡು ಬಾ.

ನಿನ್ನೆ ರಾತ್ರಿ ವಾಟ್ಸಾಪಲ್ಲಿ ಒಂದು ಪುಟ ಕಳಿಸಿದಾನೆ. ಬಿಸಿ ಮರಳಲ್ಲಿ ಅಕ್ಕಿ ಅರಳೋದಕ್ಕೆ ‘ಚಟಪಟ’ ಅಂತ ಬರೆದಿದ್ದಾನೆ. ಭಟ್ಟಿಗೆ ಹೋಗೇ ಇಲ್ಲ ಕಳ್ಳ, ಮನೇಲಿ ಕೂತು ಬರೆದಿದ್ದು. ಬಲೂನ್ ಬೇರೆ ಭಟ್ಟಿಯವನ ಮೂಗು ಮುಚ್ಚಿದೆ. ನಾಳೆ ಬೆಳಿಗ್ಗೆ ಐದಕ್ಕೆ ನಾನೇ ಕರ್ಕೊಂಡು ಹೋಗ್ತಿದೀನಿ.