ತಂತಿಯ ಮೇಲೆ ತೆಂಗಿನ ಮಡಲು ಬಿದ್ದ ದಿನ

ಮೊನ್ನೆ ನಮ್ಮ ಕುಟುಂಬದ ವಾಟ್ಸಾಪ್ ಗುಂಪಿಗೆ ಯಾರೋ ಹೈಬ್ರಿಡ್ ರೈಲು ಎಂಜಿನ್ನಿನ ವಿಡಿಯೋ ಹಾಕಿದ್ದರು. ಡೀಸೆಲ್ಲೂ ಉಂಟು, ಬ್ಯಾಟರಿಯೂ ಉಂಟು, ಹೊಗೆ ಕಡಿಮೆ, ಖರ್ಚು ಕಡಿಮೆ ಅಂತ ಅದರಲ್ಲಿ ಹೇಳುತ್ತಿದ್ದರು. ಐದು ನಿಮಿಷದೊಳಗೆ ಚಿಕ್ಕಪ್ಪನ ಮಗ ಬರೆದ: "ಇದೆಲ್ಲ ನಾಲ್ಕು ದಿನದ ಆಟ ಅಕ್ಕ. ಪೂಜೆ ಮಾಡಿ ಫೋಟೋ ತೆಗೀತಾರೆ, ಆಮೇಲೆ ಮೂಲೆಗೆ ನಿಲ್ಲಿಸ್ತಾರೆ." ಅವನ ಸಂಶಯ ಸುಳ್ಳು ಅಂತ ನನಗೆ ಅನ್ನಿಸಲಿಲ್ಲ. ಪೂರ್ತಿ ಒಪ್ಪುವುದಕ್ಕೂ ಆಗಲಿಲ್ಲ. ಎರಡು ಸಾಲಿನಲ್ಲಿ ಹೇಳಿ ಮುಗಿಸುವ ವಿಷಯ ಅಲ್ಲ, ಅದಕ್ಕೆ ಇಲ್ಲಿ ಬರೆಯುತ್ತಿದ್ದೇನೆ.

ನಾನು ಕಾಸರಗೋಡಿನ ಕುಂಬಳೆಯವಳು. ಹದಿನಾಲ್ಕು ವರ್ಷದಿಂದ ಕೆಲಸಕ್ಕೆ ಮಂಗಳೂರಿಗೆ ಹೋಗಿಬರುವುದು ರೈಲಿನಲ್ಲೇ. ಬೆಳಗಿನ ಗಾಡಿಯಲ್ಲಿ ನನ್ನ ಎದುರು ಕೂರುವವರಲ್ಲಿ ಅರ್ಧ ಜನ ಕಾಲೇಜಿನ ಮಕ್ಕಳು, ಉಳಿದ ಅರ್ಧ ಸ್ಕ್ಯಾನ್ ಕವರ್ ಹಿಡಿದುಕೊಂಡು ಆಸ್ಪತ್ರೆಗೆ ಹೊರಟವರು. 1907ರಲ್ಲಿ ಹಳಿ ಮಂಗಳೂರು ಮುಟ್ಟಿದ ಮೇಲೆ ಗಡಿ ಎಲ್ಲೆಲ್ಲೋ ಹೋಯಿತು, ರಾಜ್ಯ ಬದಲಾಯಿತು. ನಮ್ಮ ಊರಿನವರ ಬದುಕು ಮಾತ್ರ ಇವತ್ತಿಗೂ ಈ ಹಳಿಯ ಮೇಲೆಯೇ ಇದೆ. ಹಾಗಾಗಿ ರೈಲಿನ ಬಗ್ಗೆ ನಾನು ಸುಮ್ನೆ ಕುತೂಹಲಕ್ಕೆ ಓದುವುದಲ್ಲ.

ನನಗೆ ಎಂಜಿನ್ ಅಂದರೆ ಏನು ಅಂತ ತೋರಿಸಿದ್ದು ನನ್ನ ಸೋದರಮಾವ. ಅವರು ಈರೋಡಿನ ಡೀಸೆಲ್ ಶೆಡ್‌ನಲ್ಲಿ ಫಿಟ್ಟರ್ ಆಗಿದ್ದರು. ಬೇಸಿಗೆ ರಜೆಯಲ್ಲಿ ಅವರ ಕ್ವಾರ್ಟರ್ಸ್‌ಗೆ ಹೋದಾಗ ಒಂದು ದಿನ ಶೆಡ್ಡಿನೊಳಗೆ ಕರೆದುಕೊಂಡು ಹೋಗಿದ್ದರು. ಅಲ್ಲಿ ನಿಂತಿದ್ದದ್ದು ಡಬ್ಲ್ಯುಡಿಎಂ-2. ನಮ್ಮ ದೇಶದಲ್ಲಿ 1962ರಿಂದ ದಶಕಗಟ್ಟಲೆ ಓಡಿದ, 2600 ಅಶ್ವಶಕ್ತಿಯ ಎಂಜಿನ್. ನೆಲವೆಲ್ಲ ಎಣ್ಣೆ. ಮಾವ ಒಂದು ಮುಚ್ಚಳ ತೆಗೆದು ಒಳಗೆ ಟಾರ್ಚ್ ಬಿಟ್ಟರು. ಸಾಲುಸಾಲಾಗಿ ಮಡಚಿಟ್ಟ ಲೋಹದ ಪಟ್ಟಿಗಳು, ಹೀಟರಿನ ಕಾಯಿಲ್ ದೊಡ್ಡದಾದ ಹಾಗೆ. ಕೆಲವು ಕಡೆ ಸುಟ್ಟು ನೀಲಿ ಬಣ್ಣಕ್ಕೆ ತಿರುಗಿದ್ದವು.

"ಇದು ಬ್ರೇಕಿನ ಗ್ರಿಡ್. ವಾಳಯಾರ್ ಕಡೆ ಇಳಿಜಾರಿನಲ್ಲಿ ಗಾಡಿ ಬರುವಾಗ ಚಕ್ರದ ಮೋಟಾರೇ ಕರೆಂಟ್ ಮಾಡ್ತದೆ. ಆ ಕರೆಂಟ್ ಇಲ್ಲಿ ಬಂದು ಬಿಸಿ ಆಗಿ ಗಾಳಿಗೆ ಹೋಗ್ತದೆ. ಹತ್ತುವಾಗ ಸುಟ್ಟ ಡೀಸೆಲ್ಲೇ ಮಾರಾಯ್ತಿ ಹಾಗೆ ಹೋಗುವುದು" ಅಂದರು. ಆ ಮಾತು ಹೇಳುವಾಗ ಅವರ ಮುಖದಲ್ಲಿ ನಿಜವಾದ ಬೇಜಾರಿತ್ತು. ಅನ್ನ ಚೆಲ್ಲಿದ್ದನ್ನು ನೋಡಿದವರ ಹಾಗೆ.

ಹೈಬ್ರಿಡ್ ಅಂದರೆ ಮೂಲದಲ್ಲಿ ಇಷ್ಟೇ. ಆ ಚೆಲ್ಲಿ ಹೋಗುವುದನ್ನು ಹಿಡಿದಿಡುವುದು. ಡೀಸೆಲ್ ಎಂಜಿನ್ ಅಂತ ನಾವು ಕರೆಯುವ ಗಾಡಿಯಲ್ಲಿ ಡೀಸೆಲ್ ನೇರವಾಗಿ ಚಕ್ರ ತಿರುಗಿಸುವುದಿಲ್ಲ. ಅದು ಜನರೇಟರ್ ತಿರುಗಿಸುತ್ತದೆ, ಆ ಕರೆಂಟಿನಿಂದ ಮೋಟಾರ್, ಮೋಟಾರಿನಿಂದ ಚಕ್ರ. ಅಂದಮೇಲೆ ನಡುವೆ ಒಂದು ಬ್ಯಾಟರಿ ಇಡುವುದು ಹುಚ್ಚು ಯೋಚನೆಯೇನಲ್ಲ.

ಒಂದು ಲೆಕ್ಕ ಹೇಳುತ್ತೇನೆ. 1000 ಟನ್ ತೂಕದ ಗಾಡಿ ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಓಡುತ್ತಿದ್ದರೆ ಅದರಲ್ಲಿರುವ ಓಟದ ಶಕ್ತಿ ಸುಮಾರು 107 ಯುನಿಟ್ ಕರೆಂಟಿಗೆ ಸಮ. ನಮ್ಮ ಮನೆಗೆ ಎರಡು ತಿಂಗಳಿಗೊಮ್ಮೆ ಬರುವ ಬಿಲ್ಲಿನ ಅರ್ಧ! ಒಂದು ಸ್ಟೇಷನ್ನಿನಲ್ಲಿ ನಿಂತರೆ ಅಷ್ಟೂ ಹೋಯಿತು. ಅಷ್ಟನ್ನೂ ವಾಪಸ್ ಪಡೆಯಲು ಆಗುವುದಿಲ್ಲ, ಅರ್ಧ ಸಿಕ್ಕಿದರೂ ದೊಡ್ಡ ಮಾತು.

ಹಾಗಾದರೆ ಡೀಸೆಲ್ಲೇ ಬೇಡ, ಪೂರ್ತಿ ಬ್ಯಾಟರಿಯೇ ಇರಲಿ ಅನ್ನುವವರೂ ಇದ್ದಾರೆ. ಅಲ್ಲಿ ನನಗೆ ಸಂಶಯ. ಒಂದು ಲೀಟರ್ ಡೀಸೆಲ್ಲಿನಿಂದ ಎಂಜಿನ್ನಿಗೆ ಸುಮಾರು ಮೂರೂವರೆ ಯುನಿಟ್ ಕೆಲಸ ಸಿಗುತ್ತದೆ. ಮಾವನ ಆ ಹಳೇ ಎಂಜಿನ್ನಿನ ಟ್ಯಾಂಕ್ 5000 ಲೀಟರಿನದು. ಟನ್ನಿಗೆ 150 ಯುನಿಟ್ ಹಿಡಿಯುವ ಬ್ಯಾಟರಿಯಲ್ಲಿ ಅಷ್ಟು ತುಂಬಬೇಕಾದರೆ 115 ಟನ್ನಿಗಿಂತ ಜಾಸ್ತಿ ಬ್ಯಾಟರಿ ಬೇಕು. ಆ ಎಂಜಿನ್ನಿನ ಒಟ್ಟು ತೂಕವೇ ಸುಮಾರು 113 ಟನ್. ಒಂದು ಎಂಜಿನ್ ಓಡಿಸಲು ಇನ್ನೊಂದು ಎಂಜಿನ್ನಿನಷ್ಟು ಬ್ಯಾಟರಿ ಹೊರಬೇಕು.

ಹೊರದೇಶಗಳಲ್ಲಿ ಎರಡೂ ನಡೆದಿವೆ, ಗೆದ್ದದ್ದೂ ಸೋತದ್ದೂ. ಕೆನಡಾದ ಒಂದು ಕಂಪನಿ ಗ್ರೀನ್ ಗೋಟ್ ಅಂತ ಹೈಬ್ರಿಡ್ ಶಂಟಿಂಗ್ ಎಂಜಿನ್ ಮಾಡಿತ್ತು. ಶಂಟಿಂಗ್ ಅಂದರೆ ಯಾರ್ಡಿನೊಳಗೆ ಬೋಗಿಗಳನ್ನು ಅತ್ತಿತ್ತ ಎಳೆದು ಜೋಡಿಸುವ ಕೆಲಸ. ಕೆಲವು ಗಾಡಿಗಳ ಬ್ಯಾಟರಿಗೆ ಬೆಂಕಿ ಹಿಡಿದು ಎಲ್ಲವನ್ನೂ ವಾಪಸ್ ಕರೆಸಿಕೊಳ್ಳಬೇಕಾಯಿತು. ಜಪಾನಿನಲ್ಲಿ 2007ರಲ್ಲಿ ಕೋಮಿ ಅನ್ನುವ ಬೆಟ್ಟದ ಮಾರ್ಗಕ್ಕೆ ಸಣ್ಣ ಹೈಬ್ರಿಡ್ ರೈಲು ಬಿಟ್ಟರು. ಆಮೇಲೆ ಗೂಡ್ಸ್ ಯಾರ್ಡುಗಳಿಗೆ ಹೈಬ್ರಿಡ್ ಶಂಟಿಂಗ್ ಎಂಜಿನ್ನನ್ನೂ ಮಾಡಿದರು. 2021ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಡೀಸೆಲ್ ಎಂಜಿನ್‌ಗಳ ಜೊತೆ ಒಂದು ಬ್ಯಾಟರಿ ಎಂಜಿನ್ ಜೋಡಿಸಿ ಗೂಡ್ಸ್ ಓಡಿಸಿದರು. ಇಡೀ ಗಾಡಿಯ ಡೀಸೆಲ್ ಸರಾಸರಿ 11 ಶೇಕಡಾ ಉಳಿಯಿತು ಅಂತ ಲೆಕ್ಕ ಕೊಟ್ಟರು. 11 ಶೇಕಡಾ ಸಣ್ಣದಲ್ಲ. ಆದರೆ ಆ ಪರೀಕ್ಷೆ ಮೂರು ತಿಂಗಳಿನದು, ಮರುಭೂಮಿಯ ಬಾರ್‌ಸ್ಟೋದಿಂದ ಹೊರಡುವ ದಾರಿಯದು. ನಮ್ಮಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗಿಂತ ಜಾಸ್ತಿ ಮಳೆ, ಅದರ ಮೇಲೆ ಉಪ್ಪುಗಾಳಿ. ಮನೆಯ ಕಿಟಕಿಯ ಸರಳೇ ಮೂರು ವರ್ಷಕ್ಕೆ ತುಕ್ಕು ಹಿಡಿಯುವ ಕಡೆ ಬ್ಯಾಟರಿ, ಕನೆಕ್ಟರ್ ಎಲ್ಲ ಹೇಗೆ ಇರುತ್ತವೆ? ಅದನ್ನು ಇಲ್ಲಿಯೇ ನೋಡಬೇಕು.

ಚಿಕ್ಕಪ್ಪನ ಮಗನ ಸಂಶಯಕ್ಕೆ ನಮ್ಮ ಕರಾವಳಿಯಲ್ಲೇ ಕಾರಣ ಉಂಟು. ಕೊಂಕಣ ರೈಲ್ವೆಯವರು ಮಡಗಾಂವಿನಲ್ಲಿ ಸ್ಕೈಬಸ್ ಮಾಡಲು ಹೊರಟಿದ್ದರು, ಮೇಲಿನ ಹಳಿಗೆ ಡಬ್ಬಿ ತೂಗಿಬಿಡುವುದು. 2004ರ ಸೆಪ್ಟೆಂಬರಿನಲ್ಲಿ ಪರೀಕ್ಷೆಯ ಓಟದಲ್ಲೇ ಡಬ್ಬಿ ಕಂಬಕ್ಕೆ ಬಡಿದು ಒಬ್ಬ ಕೆಲಸಗಾರ ತೀರಿಹೋದ. ಯೋಜನೆ ಅಲ್ಲಿಗೇ ನಿಂತಿತು. ಕಂಬಗಳು ವರ್ಷಗಟ್ಟಲೆ ಹಾಗೇ ನಿಂತಿದ್ದವು, ಕೊನೆಗೆ ಕಿತ್ತರು. ಆದರೆ ಅದೇ ಕೊಂಕಣ ರೈಲ್ವೆಯವರು 1999ರಲ್ಲಿ ಲಾರಿಗಳನ್ನೇ ರೈಲಿನ ಮೇಲೆ ಹತ್ತಿಸಿ ಸಾಗಿಸಲು ಶುರು ಮಾಡಿದರು. ಅದು ಉಳಿಯಿತು, ಬೆಳೆಯಿತು. ಸುರತ್ಕಲ್ಲಿನಲ್ಲಿ ಲಾರಿಗಳು ಸಾಲಾಗಿ ಹತ್ತುವುದನ್ನು ನೋಡಿದ್ದೀರಲ್ವಾ? ಅದರಲ್ಲಿ ಹೊಸ ಯಂತ್ರವೇ ಇಲ್ಲ. ಘಾಟಿ ರಸ್ತೆಯಲ್ಲಿ ಸುಸ್ತಾದ ಡ್ರೈವರನ ಕಷ್ಟ ಮಾತ್ರ ಸರಿಯಾಗಿ ಗೊತ್ತಿತ್ತು. ಹೊಸತು ಬಂದಾಗ ನಾನು ಮೊದಲು ಕೇಳುವುದು ಅದನ್ನೇ: ಯಾರ ಯಾವ ಕಷ್ಟಕ್ಕೆ ಇದು?

ಕಾಸರಗೋಡಿನ ಮೇನ್ ಲೈನಿಗೆ ಹೈಬ್ರಿಡ್ ಬೇಡ ಅಂತಲೇ ನಾನು ಹೇಳುವುದು. ಇಲ್ಲಿ ಹಳಿಯ ಮೇಲೆ ಕರೆಂಟಿನ ತಂತಿ ಬಂದಿದೆ. ಈಗಿನ ತ್ರೀ ಫೇಸ್ ಎಲೆಕ್ಟ್ರಿಕ್ ಎಂಜಿನ್‌ಗಳು ಬ್ರೇಕ್ ಹಾಕುವಾಗ ಹುಟ್ಟಿದ ಕರೆಂಟನ್ನು ತಂತಿಗೇ ವಾಪಸ್ ಕೊಡುತ್ತವೆ. ಮಾವನ ಬೇಜಾರಿಗೆ ಅಲ್ಲಿ ಉತ್ತರ ಸಿಕ್ಕಿದೆ.

ಆದರೆ ತಂತಿ ಇದ್ದರೆ ಎಲ್ಲ ಮುಗಿಯಿತು ಅನ್ನುವ ಹಾಗೂ ಇಲ್ಲ. ಎರಡು ವರ್ಷದ ಹಿಂದೆ ಆಟಿ ತಿಂಗಳ ಒಂದು ಬೆಳಿಗ್ಗೆ. ಉಪ್ಪಳ ದಾಟಿದ ಮೇಲೆ ಗಾಡಿ ನಿಂತಿತು. ಫ್ಯಾನ್ ನಿಂತಿತು, ದೀಪ ಮಂಕಾಯಿತು. ಮುಂದೆ ಎಲ್ಲೋ ತಂತಿಯ ಮೇಲೆ ತೆಂಗಿನ ಮಡಲು ಬಿದ್ದಿದೆಯಂತೆ ಅಂತ ಸುದ್ದಿ ಬಂತು. ಕಿಟಕಿ ತೆಗೆದರೆ ಮಳೆ, ಮುಚ್ಚಿದರೆ ಸೆಕೆ. ನನ್ನ ಎದುರು ಕೂತಿದ್ದ ಬ್ಯಾರಿ ಅಜ್ಜನಿಗೆ ಹತ್ತು ಗಂಟೆಗೆ ಡಯಾಲಿಸಿಸ್. ಅವರ ಸೊಸೆ ಆಸ್ಪತ್ರೆಗೆ ಫೋನ್ ಮಾಡಿ ಮಾಡಿ ಸೋತಿದ್ದಳು. ಅಜ್ಜ ಕೈಯ ಪಟ್ಟಿಯನ್ನೇ ಸವರುತ್ತಾ ಸುಮ್ಮನೆ ಕೂತಿದ್ದರು. ಎರಡು ಗಂಟೆ ಕಳೆದ ಮೇಲೆ ಮಳೆಯ ಸದ್ದಿನೊಳಗೆ ಗುಡುಗುಡು ಅನ್ನುವ ಡೀಸೆಲ್ ಎಂಜಿನ್ನಿನ ಸದ್ದು ಕೇಳಿಸಿತು. ಬೋಗಿಯಲ್ಲಿದ್ದ ಮಕ್ಕಳೆಲ್ಲ ಬಾಗಿಲಿಗೆ ಓಡಿದರು. ಅಜ್ಜ "ಬಂತಾ?" ಅಂತ ನನ್ನನ್ನು ಕೇಳಿದರು. "ಬಂತು ಅಜ್ಜ" ಅಂದೆ.

ಎಳೆದುಕೊಂಡು ಹೋಗಲು ಬಂದ ಅಂಥ ಎಂಜಿನ್ ವರ್ಷದಲ್ಲಿ ಎಷ್ಟೋ ದಿನ ಎಲ್ಲೋ ಒಂದು ಕಡೆ ತಯಾರಾಗಿ ನಿಂತಿರಬೇಕು. ಹಳೇ ಡೀಸೆಲ್ ಎಂಜಿನ್ನನ್ನು ಆರಿಸಿದರೆ ಮತ್ತೆ ಹೊತ್ತಿಸುವುದು ಕಷ್ಟ ಅಂತ ಸುಮ್ನೆ ಓಡುತ್ತಾ ಬಿಡುತ್ತಿದ್ದರು. ಶಂಟಿಂಗ್ ಎಂಜಿನ್ನಿನ ಕಥೆಯೂ ಅದೇ. ಹತ್ತು ನಿಮಿಷ ಎಳೆಯುವುದು, ಅರ್ಧ ಗಂಟೆ ಕಾಯುವುದು. ಮೇಲಿನಿಂದ ಲೋಡ್ ಮಾಡುವ ಗೂಡ್ಸ್ ಸೈಡಿಂಗುಗಳಲ್ಲಿ, ಅಂದರೆ ಸರಕು ತುಂಬುವ ಪಕ್ಕದ ಹಳಿಗಳಲ್ಲಿ, ತಂತಿ ಹಾಕಲೂ ಆಗುವುದಿಲ್ಲ. ಹೈಬ್ರಿಡ್ ಬರಬೇಕಾದ್ದು ಇಲ್ಲಿಗೆ. ಕಾಯುವಾಗ ಡೀಸೆಲ್ ಆರಿಸಿ, ಎಳೆಯುವಾಗ ಬ್ಯಾಟರಿಯಿಂದ ಜೋರು ಕೊಡುವುದು. ಇಲ್ಲಿ ತೂಕವೂ ತೊಂದರೆಯಲ್ಲ, ಎಂಜಿನ್ ಭಾರ ಇದ್ದಷ್ಟು ಚಕ್ರಕ್ಕೆ ಹಿಡಿತ ಜಾಸ್ತಿ.

ನನ್ನ ಕೇಳಿಕೆ ಇಷ್ಟೆ. ಅಂಥ ಒಂದು ಎಂಜಿನ್ ತಂದು ಮಂಗಳೂರಿನ ಯಾರ್ಡಿನಲ್ಲಿ ಎರಡು ಮಳೆಗಾಲ ಓಡಿಸಿ. ಹೂವಿನ ಹಾರ ಹಾಕಿದ ದಿನದ ಫೋಟೋ ಬೇಡ ಅನ್ನುವುದಿಲ್ಲ. ಎರಡನೇ ಮಳೆಗಾಲ ಮುಗಿದ ಮೇಲಿನ ಲೆಕ್ಕವೂ ಜನರ ಕೈಗೆ ಬರಲಿ: ಎಷ್ಟು ಲೀಟರ್ ಉಳಿಯಿತು, ಎಷ್ಟು ದಿನ ಶೆಡ್ಡಿನಲ್ಲಿ ಮಲಗಿತ್ತು, ಬ್ಯಾಟರಿ ಎಷ್ಟು ಸವೆಯಿತು. ಬರೆಯುವವರು ಫಿಟ್ಟರ್‌ಗಳೇ ಆದರೆ ನನಗೆ ಇನ್ನೂ ನಂಬಿಕೆ. ಸೋತಿದ್ದರೆ ಸೋತಿದೆ ಅಂತಲೇ ಬರೆಯಲಿ.

ನಿನ್ನೆ ಮಾವನಿಗೆ ಫೋನ್ ಮಾಡಿ ಇದನ್ನೆಲ್ಲ ಹೇಳಿದೆ. ಅವರಿಗೆ ಈಗ ಎಪ್ಪತ್ತೆಂಟು. ಕಿವಿ ಸ್ವಲ್ಪ ಮಂದ. ಪೂರ್ತಿ ಕೇಳಿ, "ಆ ಬ್ಯಾಟರಿ ಎಲ್ಲಿ ಇಡ್ತಾರೆ? ಗ್ರಿಡ್ ಇದ್ದ ಜಾಗದಲ್ಲಾ?" ಅಂತ ಕೇಳಿದರು. ನನಗೆ ಉತ್ತರ ಗೊತ್ತಿರಲಿಲ್ಲ. ಇದನ್ನು ಓದುವವರಲ್ಲಿ ಶೆಡ್ಡಿನಲ್ಲಿ ಕೆಲಸ ಮಾಡುವವರು ಯಾರಾದರೂ ಇದ್ದರೆ ಹೇಳಿ, ಅವರಿಗೆ ತಿಳಿಸುತ್ತೇನೆ.